ಬಾಳವ್ವ ಕೊಟ್ಟ ಎಲೆ

ದೀಪಾವಳಿ ರಜೆ... ಧಾರವಾಡದ ಯೂನಿವರ್ಸಿಟಿ ಲ್ಯಾಬ್‌ನಲ್ಲಿ ಶಾಂಭವಿ ಒಬ್ಬಳೇ ಉಳಿದಿದ್ದಳು.

ಔಷಧಿ ಗಿಡಗಳ ಎಲೆಯ ರಸದಲ್ಲಿ ಆಂಟಿಆಕ್ಸಿಡೆಂಟ್ ಗುಣ ಎಷ್ಟಿದೆ ಎಂದು ಪರೀಕ್ಷಿಸುವುದು ಅವಳ ಪಿಎಚ್‌ಡಿ ಕೆಲಸ.

ನೇರಳೆ ಬಣ್ಣದ ದ್ರಾವಣಕ್ಕೆ ರಸ ಹಾಕಬೇಕು. ಗುಣವಿದ್ದರೆ ನೇರಳೆ ಮಾಸಿ ಹಳದಿಯಾಗುತ್ತದೆ.

ಎಂಟು ತಿಂಗಳಿಂದ ಒಂದೇ ಗಿಡದ ಎಲೆಯ ರಸ ಹಾಕಿ ನೋಡಿದರೂ ನೇರಳೆ ಮಾಸಿರಲಿಲ್ಲ...

"ಆ ಎಲಿ ಬಿಟ್ಟುಬಿಡು, ಬ್ಯಾರೆ ಗಿಡ ನೋಡು" ಎಂದು ಗೈಡ್ ಮೇಡಂ ಫೋನ್ ಇಟ್ಟರು. ಆ ದಿನವೆಲ್ಲ ಅವಳ ಕಿವಿಗೆ ಬಿದ್ದ ಮನುಷ್ಯರ ದನಿ ಅದೊಂದೇ.

ಆ ಎಲೆ ಕೊಟ್ಟವಳು ಅಳ್ನಾವರದ ಆಚೆಯ ಹಳ್ಳಿಯ ಬಾಳವ್ವ. ಒಂದು ಕಾಲಕ್ಕೆ ಊರಿಗೆಲ್ಲ ಜ್ವರಕ್ಕೆ ಅದರ ಕಷಾಯ ಕೊಡುತ್ತಿದ್ದ ಒಂಟಿ ಮುದುಕಿ.

ಮರುದಿನ ಶಾಂಭವಿ ಬಸ್ ಹತ್ತಿದಳು. ಹೇಗೆ ಹೇಳಲಿ ಎಂದು ದಾರಿಯುದ್ದಕ್ಕೂ ಸಂಕಟ.

"ಆಯಿ... ನಾ ಹುಡುಕಿದ ಗುಣ ನಿಮ್ಮ ಎಲ್ಯಾಗ ಸಿಗಲಿಲ್ರಿ."

ಬಾಳವ್ವ ಮೆಲ್ಲಗೆ ಕೇಳಿದಳು, "ಭಾಳ ಕುದಿಸಿದ್ರ ಅದು ಕೆಡ್ತೈತೇನವಾ?"

"ಇಲ್ರಿ. ಹತ್ತು ನಿಮಿಷ ಕುದಿಸೀನಿ, ಎರಡು ತಾಸು ಕುದಿಸೀನಿ... ಏನೂ ಫರಕ ಇಲ್ಲ."

"ಖರೇನ?"

"ಖರೇರಿ. ನಲವತ್ತು ಸಲ ನೋಡೀನಿ."

ಮುದುಕಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು...

"ಇಪ್ಪತ್ತಾರು ವರ್ಷ ಆತು. ಮಗಳಿಗೆ ಜ್ವರ. ಒಲಿ ಮ್ಯಾಲೆ ಕಷಾಯ ಇಟ್ಟು ನನಗ ಜೊಂಪು ಹತ್ತಿತು. ಅದು ಕುದ್ದು ಕುದ್ದು ಕರ್ರಗಾಗಿತ್ತು. ಅದನ್ನ ಕುಡಿಸಿದೆ... ಸಂಜೀಕ ಆಕಿ ಹ್ವಾದ್ಲು.

ಮದ್ದು ಕೆಡಿಸಿ ನಾನ ಕೊಂದೆ ಅನ್ಕೊಂಡಿದ್ದೆ. ಯಾರ ಮುಂದೂ ಹೇಳಿಲ್ಲವಾ."

ಶಾಂಭವಿಗೂ ಕಣ್ಣು ತುಂಬಿ ಬಂತು. ಆ ಒರಟು ಕೈ ಹಿಡಿದುಕೊಂಡಳು.

"ನೀವು ಏನೂ ಕೆಡಿಸಿಲ್ರಿ ಆಯಿ... ಕೆಡಾಕ ಅದರಾಗ ಆ ಗುಣಾನ ಇದ್ದಿಲ್ರಿ."

ಬಾಳವ್ವ ಮಗುವಿನಂತೆ ಅತ್ತಳು. ಅತ್ತು ಮುಗಿಸಿ ಮುಖ ಒರೆಸಿಕೊಂಡಳು.

"ಎಲಿ ಒಯ್ದೋರು ಭಾಳ ಮಂದಿ. ತಿರುಗಿ ಬಂದು ಹೇಳಿದಾಕಿ ನೀ ಒಬ್ಬಾಕಿ. ಉಂಡು ಹೋಗವಾ."

ಅವಳು ಇನ್ನೊಬ್ಬರಿಗಾಗಿ ರೊಟ್ಟಿ ತಟ್ಟಿ ಎಷ್ಟೋ ವರ್ಷಗಳಾಗಿದ್ದವು. ಶಾಂಭವಿಯೂ ಎಷ್ಟೋ ದಿನಗಳ ನಂತರ ಒಬ್ಬರ ಜೊತೆ ಕೂತು ಉಂಡಳು.

ರಜೆ ಮುಗಿದ ಮೇಲೆ ಆ ಎಲೆಯ ಫಲಿತಾಂಶವನ್ನು ಅವಳು ಇದ್ದದ್ದು ಇದ್ದಂತೆ ಥೀಸಿಸ್‌ನಲ್ಲಿ ಬರೆದಳು.

ನಮಗೆ ಸೋಲಾಗಿ ಕಂಡ ನಿಜ, ಇನ್ನೊಬ್ಬರ ಎದೆಯ ಭಾರ ಇಳಿಸಬಹುದು.

ಯಾರಿಗೋ ಹೋಗಿ ಹೇಳಬೇಕಾದ ಮಾತೊಂದು ನಿಮ್ಮಲ್ಲೇ ಉಳಿದುಬಿಟ್ಟಿದೆಯೇ...?