ಮೆಟನೈರಾ ಚೀರಿದಳು

ಹಿತ್ತಲಿನ ಬಾರ್ಬೆಕ್ಯೂ ಒಲೆಯಲ್ಲಿ ಕೆಂಡ ನಿಗಿನಿಗಿ ಅನ್ನುತ್ತಿತ್ತು. ಪುಟ್ಟ ಕೌದಿಯಲ್ಲಿ ಸುತ್ತಿದ ಕೂಸನ್ನು ಸುಶೀಲಾಬಾಯಿ ಅದರ ಮೇಲೆ ಹಿಡಿದು ನಿಂತಿದ್ದರು.

ಅಡುಗೆಮನೆಯ ಕಿಟಕಿಯಿಂದ ನೋಡಿದ ವಂದನಾಳಿಗೆ ಜೀವ ಬಾಯಿಗೆ ಬಂತು. ಎಣ್ಣೆನೀರಾದ ಮೇಲೆ ಕೂಸಿಗೆ ಲೋಬಾನದ ಹೊಗೆ ಹಾಕುವುದು ಅವಳಿಗೇನು ಹೊಸದಲ್ಲ. ವಿಜಯಪುರದಲ್ಲಿ ಅವಳೂ ಹಾಗೇ ಬೆಳೆದವಳು. ಆದರೆ ಹೊಗೆಗೆ ಹಿಡಿಯುವುದು ಬೇರೆ, ಕೆಂಡಕ್ಕೇ ತಾಗಿಸುವುದು ಬೇರೆ. ಇಲ್ಲಿ ನಡುವೆ ಗೇಣು ಜಾಗವೂ ಇರಲಿಲ್ಲ.

ಎಜ್‌ವೇರಿನ ಈ ಮನೆಯಲ್ಲಿ ಕೂಸು ನೋಡಿಕೊಳ್ಳಲು ಸೇರಿ ಇವತ್ತಿಗೆ ಮೂರನೇ ದಿನ. ವಾರ ಕಳೆದರೆ ಕೆಲಸ ಖಾಯಂ. ಈ ಪರದೇಶಕ್ಕೆ ಬಂದು ಎಂಟು ತಿಂಗಳು ಫ್ಲ್ಯಾಟಿನ ಗೋಡೆ ನೋಡಿ ನೋಡಿ ಸಾಕಾಗಿದ್ದವಳಿಗೆ ಈ ಕೆಲಸ ಬೇಕೇ ಬೇಕಿತ್ತು. ಸೇರಿದ ದಿನವೇ ಕೂಸೂ ಅವಳ ಹೆಗಲಿಗೆ ಅಂಟಿಕೊಂಡಿತ್ತು.

ಅವತ್ತೇ ಕೂಸಿನ ತಾಯಿ ಸೌಜನ್ಯಾ ಒಂದು ಕಥೆ ಹೇಳಿದ್ದಳು. ಅಕ್ಸ್‌ಬ್ರಿಡ್ಜಿನ ಕಾಲೇಜಿನಲ್ಲಿ ಗ್ರೀಕ್ ಪುರಾಣ ಕಲಿಸುವಾಕೆ, ಬಾಯಿ ತೆರೆದರೆ ಕಥೆಯೇ. ಮೆಟನೈರಾ ಎಂಬ ರಾಣಿ ಮಗನನ್ನು ನೋಡಿಕೊಳ್ಳಲು ಒಬ್ಬ ಮುದುಕಿಯನ್ನು ಇಟ್ಟುಕೊಂಡಳಂತೆ. ಆ ಮುದುಕಿಯೋ ವೇಷ ಮರೆಸಿಕೊಂಡ ದೇವತೆ. ಮಗು ಅಮರವಾಗಲೆಂದು ಅದನ್ನು ಬೆಂಕಿಯಲ್ಲಿ ಇಡುತ್ತಿದ್ದಳಂತೆ. ರಾಣಿ ಇಣುಕಿ ನೋಡಿ ಚೀರಿದಳು. ದೇವತೆ ಸಿಟ್ಟಾಗಿ ಹೊರಟೇಹೋದಳು, ಮಗುವಿಗೆ ಅಮರತ್ವ ತಪ್ಪಿತು. ಅತ್ತೆ ಸುಶೀಲಾಬಾಯಿ ಬಟಾಣಿ ಸುಲಿಯುತ್ತ ಎಲ್ಲ ಕೇಳಿ, ರಾಣಿಯ ಹೆಸರನ್ನು ಇನ್ನೊಮ್ಮೆ ಹೇಳಿಸಿಕೊಂಡಿದ್ದರು.

ಸೊಸೆ ಸೂಕ್ಷ್ಮವಾಗಿ ಎಚ್ಚರಿಸುತ್ತಿದ್ದಾಳೆ ಎಂದುಕೊಂಡಳು ವಂದನಾ. ಮುದುಕಿಗೆ ಎದುರಾಡಬಾರದು. ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ಉಳಿಯುತ್ತದೆ.

ಕೌದಿ ಇನ್ನೆರಡು ಬೆರಳು ಕೆಳಗಿಳಿಯಿತು.

ವಂದನಾ ಚೀರಿದ ಚೀರಿಗೆ ಪಕ್ಕದ ಮನೆಯವರು ಬೇಲಿಯ ಮೇಲಿಂದ ಇಣುಕಿದರು. ಹಿತ್ತಲಿಗೆ ಓಡಿದವಳೇ ಮುದುಕಿಯನ್ನು ಆಚೆ ತಳ್ಳಿ ಕೂಸನ್ನು ಕಸಿದುಕೊಂಡಳು.

"ತಲಿ ಕೆಟ್ಟೈತೇನ್ರಿ ನಿಮಗ? ಇನ್ನೊಮ್ಮಿ ಕೂಸು ಮುಟ್ಟಿದ್ರ ನೋಡ್ರಿ ಮತ್ತ."

ಅಂದಮೇಲೆ ಕೆಲಸದ ನೆನಪಾಯಿತು. ಹೋಯಿತು, ಮುಗಿಯಿತು. ಅಳು ಉಕ್ಕಿ ಬಂತು. ಆದರೂ ಎದೆಗವಚಿದ ಕೂಸನ್ನು ಬಿಡಲಿಲ್ಲ. ಅದು ಅಳಲೂ ಇಲ್ಲ, ಮಿಸುಕಲೂ ಇಲ್ಲ. ಗಾಬರಿಯಿಂದ ಕೌದಿ ಸರಿಸಿದಳು.

ಒಳಗಿದ್ದದ್ದು ಗುಂಡುಕಲ್ಲು. ತೊಟ್ಟಿಲ ಶಾಸ್ತ್ರದ ದಿನ ಕೂಸಿಗಿಂತ ಮೊದಲು ತೊಟ್ಟಿಲಿಗೆ ಹಾಕುತ್ತಾರಲ್ಲ, ಅದೇ. ಕೆಲಸಕ್ಕೆ ಹೋಗಿರಬೇಕಾಗಿದ್ದ ಸೌಜನ್ಯಾ ಮೇಲಿನ ಕಿಟಕಿಯಲ್ಲಿ ನಿದ್ದೆಗಣ್ಣಿನ ಕೂಸನ್ನು ಎತ್ತಿಕೊಂಡು ನಿಂತಿದ್ದಳು.

ಸುಶೀಲಾಬಾಯಿ ಸೀರೆಯ ಬೂದಿ ಕೊಡವಿಕೊಂಡರು. "ನಾಳೆಯಿಂದ ಖಾಯಂ ಬಾರವಾ. ನಿನಗಿಂತ ಮೊದಲ ಮೂವರು ಬಂದಿದ್ರು, ಭಾಳ ಮರ್ಯಾದಸ್ಥರು. ಒಬ್ಬಾಕಿನೂ ಚೀರಲಿಲ್ಲ."