ಖಾಲಿ ಹಾಸಿಗೆಯ ಪರೀಕ್ಷೆ

ಕಂಪ್ಯೂಟರಿನ ಕಪ್ಪು ಪರದೆಯ ಮೇಲೆ ಕೊನೆಗೂ ‘ಬಿಲ್ಡ್ ಸಕ್ಸಸ್‌ಫುಲ್’ ಎಂದು ಮೂಡಿದಾಗ ಸೊಸೆ ಕುರ್ಚಿಗೆ ಒರಗಿ ನೆಟಿಕೆ ಮುರಿದಳು. ರಾತ್ರಿ ನಿದ್ದೆಯಲ್ಲಿ ಅತ್ತೆಯ ಉಸಿರು ಆಗಾಗ ನಿಂತುಬಿಡುತ್ತಿತ್ತು. ನಿಂತ ಕೂಡಲೇ ಕೂಗಿ ಎಬ್ಬಿಸುವ ಆ್ಯಪ್ ಬೇಕಿತ್ತು. ಬಣ್ಣದ ಬ್ಲಾಕ್‌ಗಳನ್ನು ಜೋಡಿಸಿ ಆ್ಯಪ್ ಮಾಡುವ ಜಾಲತಾಣದಲ್ಲಿ ಎಲ್ಲದಕ್ಕೂ ಬ್ಲಾಕ್ ಇತ್ತು, ಉಸಿರಿಗೆ ಮಾತ್ರ ಇರಲಿಲ್ಲ. ಆ ಒಂದು ಬ್ಲಾಕನ್ನು ತಾನೇ ತಯಾರಿಸಲು ಹಳೇ ಕಂಪ್ಯೂಟರಿಗೆ ಜಾವಾ ತಂತ್ರಾಂಶ ಹಾಕಿ, ಸೆಟ್ಟಿಂಗ್ ತಿದ್ದಿ, ಬೆಳಗಿನಿಂದ ಹೆಣಗಿದ್ದಳು.

ಯಾವುದನ್ನೇ ಮಾಡಲಿ, ಮೊದಲು ಖಾಲಿ ಜಾಗದಲ್ಲಿ ಪರೀಕ್ಷಿಸುವುದು ಅವಳ ರೂಢಿ. ಆ್ಯಪ್ ಹಾಕಿದ ಫೋನನ್ನು ಅತ್ತೆಯ ಖಾಲಿ ಹಾಸಿಗೆಯ ಮೇಲಿಟ್ಟು, ಫ್ಯಾನ್ ಆರಿಸಿ, ಬಾಗಿಲೆಳೆದು ಬಂದಳು. ಕಂಪ್ಯೂಟರಿನಲ್ಲಿ ಉಸಿರನ್ನು ತೋರಿಸುವ ಗೆರೆ ನೆಟ್ಟಗೆ ಮಲಗಿರಬೇಕಿತ್ತು. ಅದು ಮೆಲ್ಲಗೆ ಏಳುತ್ತಿತ್ತು, ಮೆಲ್ಲಗೆ ಇಳಿಯುತ್ತಿತ್ತು.

“ಕೋಡ್‌ನಲ್ಲೇ ಏನೋ ಎಡವಟ್ಟು ಮಾಡಿದೀಯ ಕಣೇ,” ಎಂದ ಗಂಡ ಫೋನನ್ನು ಬಟ್ಟೆಯ ಬೀರುವಿನೊಳಗಿಟ್ಟ. ಗೆರೆ ನೆಟ್ಟಗಾಯಿತು. ಮತ್ತೆ ಹಾಸಿಗೆಯ ಮೇಲಿಟ್ಟ. ಗೆರೆ ಎದ್ದಿತು. ಗೋಡೆಯ ಕಡೆ ಸರಿಸಿದಷ್ಟೂ ಎತ್ತರಕ್ಕೆ ಎದ್ದಿತು. ಹೋದ ವರ್ಷ ತೀರಿಕೊಳ್ಳುವವರೆಗೂ ಮಾವ ಮಲಗುತ್ತಿದ್ದುದು ಆ ಕಡೆಗೇ.

ಮಧ್ಯಾಹ್ನದ ನಿದ್ದೆಗೆಂದು ದಿಂಬು ಹಿಡಿದು ಬಂದ ಅತ್ತೆ, ಸೊಸೆಯ ಬೆನ್ನ ಹಿಂದೆ ನಿಂತು ಗೆರೆಯನ್ನೇ ನೋಡಿದರು.

“ಗೊರಕೆ ಕೇಳಿಸ್ತಿದೆಯೇನಮ್ಮಾ?”

“ಇಲ್ಲ ಅತ್ತೆ. ಬರೀ ಉಸಿರು.”

ಅತ್ತೆ ದಿಂಬನ್ನು ಎದೆಗವಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು.

“ಹಾಗಾದ್ರೆ ಇನ್ನೂ ಎಚ್ಚರವಾಗೇ ಇದ್ದಾರೆ.”