ಎರಡೇ ಸೀಟು

"ಅಣ್ಣಾರ, ಇನ್ನೊಮ್ಮಿ ವಿಚಾರ ಮಾಡ್ರಿ. ಇದಕ್ಕ ಬರೇ ಎರಡೇ ಸೀಟ ಅದಾವ," ಎಂದು ಯೂನುಸ ಕೀಲಿಕೈಯನ್ನು ಕೊಡದೆ ಹಿಡಿದುಕೊಂಡೇ ನಿಂತ. ಶಹಾಪುರದಲ್ಲಿ ಹಳೇ ಕಾರು ಮಾರುವ ಅವನಿಗೇ ಈ ಗಾಡಿ ಮಾರಲು ಸಂಕೋಚ. ಹೈದರಾಬಾದಿನ ಮದುವೆಗಳಲ್ಲಿ ಮೆರೆದು ಮೆರೆದು ಮುದಿಯಾದ ಕೆಂಪು ಸ್ಪೋರ್ಟ್ಸ್ ಕಾರು. ತೆರೆದ ಟಾಪು ಮತ್ತೆ ಮುಚ್ಚುತ್ತಿರಲಿಲ್ಲ. "ಬಿಸಲಿಗಿ ನೆತ್ತಿ ಸುಡ್ತದ, ಮಳಿಗಿ ತೊಯ್ತೀರಿ. ಮನಿಮಂದಿನ್ನ ಎಲ್ಲಿ ಕುಂದ್ರಸ್ತೀರಿ?"

"ಅದಕ್ಕೇ ಇದು ಬೇಕಾಗ್ಯಾದ. ಕೀಲಿ ಕೊಡೋ ಮಾರಾಯಾ," ಎಂದ ದೇವಿಂದ್ರ.

ಟಾಪಿನ ದೋಷವೇ ಆ ಕಾರನ್ನು ಸುರಪುರದಲ್ಲಿ ಗುಮಾಸ್ತನಾಗಿದ್ದ ಅವನ ಉಳಿತಾಯದ ಮಟ್ಟಕ್ಕೆ ಇಳಿಸಿತ್ತು. ಮದುವೆಯಾಗಿ ಆರು ವರ್ಷವಾದರೂ ಅವನೂ ಸವಿತಾಳೂ ಇಬ್ಬರೇ ಎಲ್ಲಿಗೂ ಹೋಗಿರಲಿಲ್ಲ. ಸಿನಿಮಾಕ್ಕೆ ಹೊರಟರೆ ಅಣ್ಣನ ಮಕ್ಕಳು, ಗುಡಿಗೆ ಹೊರಟರೆ ಅವ್ವ, ಸೀರೆ ತರಲು ಹೊರಟರೆ ಅವ್ವನ ಗೆಳತಿ. ಬೈಕಿನಲ್ಲೂ ಟ್ಯಾಂಕಿನ ಮೇಲೊಬ್ಬರು, ಹಿಂದೊಬ್ಬರು. ಕೂಡಿದ ಮನೆಯಲ್ಲಿ 'ನೀವು ಬರಬೇಡಿ' ಎಂಬ ಮಾತು ಯಾರ ಬಾಯಿಗೂ ಬರುವುದಿಲ್ಲ. ಆ ಮಾತನ್ನು ಗಾಡಿಯಾದರೂ ಆಡಲಿ ಎಂಬುದು ಅವನ ಲೆಕ್ಕ. ಇಲ್ಲಿಂದ ಸೀದಾ ಬೋನಾಳದ ಕೆರೆಗೆ ಹೋಗಿ, ಹಕ್ಕಿ ನೋಡುತ್ತ ಕೂತು ಬರುವುದೆಂದು ಇಬ್ಬರೂ ಮಾತಾಡಿಕೊಂಡಿದ್ದರು. "ಇವತ್ತೂ ಯಾರರ ಗಂಟುಬಿದ್ರೋ, ಇನ್ನ ಎಂದೂ ನಿಮ್ಮ ಕೂಡ ಹೊಂಡಂಗಿಲ್ಲ ನೋಡ್ರಿ," ಎಂದು ಸವಿತಾ ಬೆಳಿಗ್ಗೆಯೇ ಖಡಕ್ಕಾಗಿ ಹೇಳಿದ್ದಳು.

ಬಸ್‌ಸ್ಟ್ಯಾಂಡ್ ಎದುರು ಅವಳು ಮಲ್ಲಿಗೆ ಕೊಳ್ಳಲು ಕಾರಿನಿಂದ ಇಳಿದದ್ದೇ ತಪ್ಪಾಯಿತು. ಎಲ್ಲಿಂದಲೋ ಒಂದು ಟವೆಲು ಹಾರಿ ಬಂದು ಅವಳ ಸೀಟಿನ ಮೇಲೆ ಬಿತ್ತು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಒಗೆದು ಸೀಟು ಹಿಡಿಯುತ್ತಾರಲ್ಲ, ಹಾಗೆ. ಟವೆಲಿನ ಹಿಂದೆ ದೇವಿಂದ್ರನ ಸೋದರತ್ತೆ ಮಾನಮ್ಮ, ಅವಳ ಹಿಂದೆ ಚೀಲ ಹೊತ್ತ ಗಂಡ ಬಸವಂತ್ರಾಯ.

"ದೇವರ ಬಂದಂಗ ಬಂದಿ ನೋಡಪಾ. ಬಸ್ಸಿಗಿ ಕಾದು ಕಾದು ಸಾಕಾಗಿತ್ತು. ಸುರಪುರಕ್ಕ ಬಿಡು," ಎನ್ನುತ್ತ ಅತ್ತೆ ಕೂತೇ ಬಿಟ್ಟಳು. ಮಾವ ಹಿಂದೆ ಮಡಚಿದ್ದ ಟಾಪಿನ ಮೇಲೇರಿ, ಸೀಟುಗಳ ನಡುವೆ ಕಾಲು ಇಳಿಬಿಟ್ಟ.

"ಅತ್ತಿ, ಇದಕ್ಕ ಎರಡೇ ಸೀಟ..."

"ಇಬ್ಬರೇ ಅದೀವಲ್ಲ! ನಾ, ನಿಮ್ಮ ಮಾಮ."

"ಮತ್ತ ನಾ?"

"ನೀ ಗಾಡಿ ಹೊಡಿಯಾಂವ. ಹೊಡಿಯಾಂವನ್ನ ಯಾರರ ಲೆಕ್ಕಕ್ಕ ಹಿಡೀತಾರೇನು? ಸವಿತಾ ನನ್ನ ತೊಡಿ ಮ್ಯಾಲ ಕುಂದ್ರಲಿ, ಆಕಿ ಏನ್ ಭಾರ ಅದಾಳ."

ಮಲ್ಲಿಗೆ ಹಿಡಿದು ಬಂದ ಸವಿತಾ ಟವೆಲನ್ನು ನೋಡಿದಳು, ಗಂಡನ ಮುಖ ನೋಡಿದಳು. ಒಂದೇ ಒಂದು ಮಾತಿಗೆ ಕಾದಳು. ದೇವಿಂದ್ರ ಮಾವನ ಚೀಲ ಇಸಿದುಕೊಂಡು ಅತ್ತೆಯ ಕಾಲ ಬಳಿ ಇಟ್ಟ. ಅವಳು ಬಿರಬಿರನೆ ರಸ್ತೆ ದಾಟಿ, ಆಗ ತಾನೇ ಬಂದ ಸುರಪುರದ ಬಸ್ಸು ಹತ್ತಿದಳು.

"ಹೋಗ್ಲಿ ಬಿಡು, ಹೆಣ್ಮಕ್ಕಳಿಗಿ ಬಸ್ಸ ಪುಕ್ಕಟ ಅದ," ಎಂದಳು ಅತ್ತೆ. ತನಗೂ ಪುಕ್ಕಟೆಯೇ ಎಂಬುದು ಅವಳಿಗೆ ನೆನಪಾಗಲಿಲ್ಲ.

ದಾರಿಯುದ್ದಕ್ಕೂ ದೇವಿಂದ್ರನ ತಲೆ ಕೆಟ್ಟು ಕೆರ ಹಿಡಿಯಿತು. ಮುಂದಿನ ಲಾರಿಯ ಹತ್ತಿಯೆಲ್ಲ ಮುಖಕ್ಕೆ, ಮಾವನ ಮೊಣಕಾಲು ಪಕ್ಕೆಗೆ. ಅತ್ತೆಯೋ, ಕಂಡಕಂಡವರಿಗೆಲ್ಲ ಕೈಬೀಸಿ "ನಮ್ಮ ದೇವಿಂದ್ರಂದು! ಹೊಸಾದು!" ಎಂದು ಸಾರುತ್ತಿದ್ದಳು. "ಅಲ್ಲೋ, ನೀವಿಬ್ಬರೂ ಎಲ್ಲಿಗಿ ಹೊಂಟಿದ್ರಿ?"

"ಬೋನಾಳಕ್ಕ. ಹಕ್ಕಿ ನೋಡಾಕ," ಎಂದು ಹಲ್ಲು ಕಡಿದ.

ಅತ್ತೆ ಬೀಸುತ್ತಿದ್ದ ಕೈ ಇಳಿಸಿದಳು. "ಇಲ್ಲೇ ಹುಟ್ಟಿ ಇಲ್ಲೇ ಮುದುಕಿ ಆದ್ನಿ, ನಾ ಒಮ್ಮಿನೂ ನೋಡಿಲ್ಲ. ಈ ಮನಶ್ಯಾ ಎಲ್ಲಿಗಿ ಕರಕೊಂಡ ಹೋಗ್ಯಾನ?" ಹಿಂದೆ ಮಾವ ಕೆಮ್ಮಿದ.

ಅಷ್ಟರಲ್ಲಿ ಬಸ್ಸು ಹಾರ್ನ್ ಹೊಡೆಯುತ್ತ ಪಕ್ಕಕ್ಕೆ ಬಂತು. ಕಿಟಕಿಯಲ್ಲಿ ಸವಿತಾ. ಬಸ್ಸಿನ ತುಂಬ ಜನ ನಿಂತಿದ್ದರೂ ಅವಳ ಪಕ್ಕದ ಸೀಟು ಖಾಲಿ. ಬುಟ್ಟಿ ಹಿಡಿದ ಹೆಂಗಸೊಬ್ಬಳು ಅದನ್ನು ತೋರಿಸಿ ಏನೋ ಕೇಳಿದಳು. ಸವಿತಾ ಇಲ್ಲವೆಂದು ತಲೆಯಾಡಿಸಿ, ಸೀಟಿನ ಮೇಲೆ ಹಾಸಿದ್ದ ತನ್ನ ಕರವಸ್ತ್ರದ ಮೇಲೆ ಕೈಯಿಟ್ಟಳು.

ದೇವಿಂದ್ರ ಆಕ್ಸಿಲರೇಟರ್ ತುಳಿದು ಬಸ್ಸನ್ನು ಹಿಂದೆ ಹಾಕಿ, ಹತ್ತಿಗುಡೂರು ಕ್ರಾಸಿನಲ್ಲಿ ಗಕ್ಕನೆ ನಿಲ್ಲಿಸಿದ. "ಮಾಮಾ, ಟ್ರ್ಯಾಕ್ಟರ್ ಹೊಡೀತೀರಲ್ಲ, ಇದೂ ಹಂಗೇ. ಸುರಪುರ ಸ್ಟ್ಯಾಂಡಿಗಿ ತರ್ರಿ," ಎಂದವನೇ ಇಳಿದು ಓಡಿ, ಹಿಂದೆಯೇ ಬಂದು ನಿಂತ ಬಸ್ಸು ಹತ್ತಿದ. ಸವಿತಾ ಕರವಸ್ತ್ರ ಎತ್ತಿಕೊಂಡಳು.

"ಯಾರಿಗಿ ಹಿಡಿದಿದ್ದಿ ಸೀಟ?"

"ಬರಾಂವಗ. ಬಂದ್ರ ಬರ್ಲಿ ಅಂತ."

ಅವನು ಕೂತನೋ ಇಲ್ಲವೋ, ನಿಂತಿದ್ದ ದಡೂತಿಯೊಬ್ಬ "ಜರಾ ಸರೀರಿ, ಮೂರು ಮಂದಿ ಕುಂದ್ರಬಹುದು," ಎಂದು ಸೀಟಿಗೆ ಒರಗಿದ.

"ಜಾಗಾ ಇಲ್ರಿ! ಇಲ್ಲಿ ನಾವಿಬ್ಬರೇ!" ದೇವಿಂದ್ರನ ದನಿಗೆ ಡ್ರೈವರನೂ ಕನ್ನಡಿಯಲ್ಲಿ ನೋಡಿದ. ಸವಿತಾ ಮುಖ ತಿರುಗಿಸಿಕೊಂಡು, ಹೊರಗಿನ ಭತ್ತದ ಗದ್ದೆಗಳನ್ನು ನೋಡುತ್ತ ನಕ್ಕಳು.

ಸುರಪುರದಲ್ಲಿ ಇಳಿದು ಇಬ್ಬರೂ ಕಾರಿಗೆ ಕಾದರು. ಇನ್ನೂ ಹೊತ್ತಿತ್ತು, ಬೋನಾಳಕ್ಕೆ ಹೋಗಿಬರಬಹುದಿತ್ತು. ಕೊನೆಗೂ ಟ್ರ್ಯಾಕ್ಟರಿನ ವೇಗದಲ್ಲಿ ಕೆಂಪು ಕಾರು ಕಾಣಿಸಿತು. ದೇವಿಂದ್ರ ಕೈಯೆತ್ತಿದ. ಅತ್ತೆಯೂ ಕೈಯೆತ್ತಿ ಬೀಸಿದಳು. ಕಾರು ನಿಲ್ಲಲಿಲ್ಲ. ತಲೆಯಿಂದ ಜಾರಿದ ಸೆರಗನ್ನು ಗಾಳಿಗೆ ಬಿಟ್ಟು ಅತ್ತೆ ಮುಂದೆ ನೋಡುತ್ತಿದ್ದಳು. ಮಾವ ಬೋನಾಳದ ದಾರಿಗೆ ಸ್ಟೇರಿಂಗ್ ತಿರುಗಿಸಿದ.

"ಏ ಮಾಮಾ! ನಿಂದರ್ರಿ, ನಾವೂ ಬರ್ತೀವಿ!" ದೇವಿಂದ್ರ ಓಡಲು ಕಾಲೆತ್ತಿದ. ಸವಿತಾ ಅವನ ರಟ್ಟೆ ಹಿಡಿದು ನಿಲ್ಲಿಸಿದಳು.

"ಕರೀಬ್ಯಾಡ್ರಿ. ಅದಕ್ಕ ಎರಡೇ ಸೀಟ ಅದಾವ."